ಹನ್ನೆರಡು ಜನರ ಬೆಂಚು

ನಮ್ಮ ಚರ್ಚಿನ ಜುಬಿಲಿ ಹಬ್ಬಕ್ಕೆ ಹೋಗಿದ್ದೆ. ಶಾಮಿಯಾನ, ಸೀರಿಯಲ್ ಸೆಟ್ಟು, ಬಿಷಪ್ಪರಿಗೆ ಗಂಧದ ಹಾರ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಪೂಜೆ ಮುಗಿದ ಮೇಲೆ ಒಬ್ಬರು ಮೈಕಿನ ಮುಂದೆ ನಿಂತು ಧರ್ಮಕೇಂದ್ರದ ಇತಿಹಾಸ ಓದಿದರು. ಯಾವ ಗುರುಗಳು ಎಲ್ಲಿಂದ ಬಂದರು, ಯಾರು ಗಂಟೆ ತರಿಸಿದರು, ಯಾರು ಶಾಲೆಗೆ ಹೆಂಚು ಹೊದಿಸಿದರು ಅಂತೆಲ್ಲ ಆಯಿತು. "ಮೊದಲಿನಿಂದಲೂ ಇಲ್ಲಿನ ಭಕ್ತರು ಒಂದೇ ಕುಟುಂಬದಂತೆ ಬಾಳಿಕೊಂಡು ಬಂದಿದ್ದಾರೆ" ಎಂದರು. ಅದನ್ನೂ ತಡೆದುಕೊಂಡೆ. ಆಮೇಲೆ ಎಪ್ಪತ್ತರ ದಶಕದಲ್ಲಿದ್ದ ಗುರುಗಳ ಸರದಿ ಬಂತು. ಪವಿತ್ರ ಗುರುವಾರದ ದಿನ ಪುಟ್ಟ ಮಕ್ಕಳ ಪಾದ ತೊಳೆಯುವ ಸುಂದರ ಸಂಪ್ರದಾಯವನ್ನು ಅವರೇ ಆರಂಭಿಸಿದರಂತೆ, ಅವರ ದೀನತೆ ನಮಗೆಲ್ಲ ಮಾದರಿಯಂತೆ. ಜನ ಚಪ್ಪಾಳೆ ತಟ್ಟಿದರು.

ಮಾದರಿಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಯಾಕಕ್ಕ, ನೀರು ಬೇಕಾ?" ಅಂದಳು. ನೀರಿನ ಮಾತೇ ಎತ್ತಬೇಡ ತಾಯಿ ಅಂದೆ. ಅವಳಿಗೇನು ಗೊತ್ತು ಪಾಪ, ಆಗ ಅವಳಿನ್ನೂ ಹುಟ್ಟಿಯೇ ಇರಲಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಹಿರಿಯೂರಿಗೂ ಹೊಸದುರ್ಗಕ್ಕೂ ನಡುವಿನ ಒಂದು ಸಣ್ಣ ಪೇಟೆ ಅಂದುಕೊಳ್ಳಿ, ಸಾಕು. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುವಾಗ ಕಲ್ಲು ಹೊಡೆಯಲು, ಗಾರೆ ಅರೆಯಲು ದಕ್ಷಿಣದಿಂದ ಜನ ಬಂದರಲ್ಲ, ಅವರಲ್ಲಿ ನಮ್ಮ ತಾತನೂ ಒಬ್ಬ. ಕಟ್ಟೆ ಮುಗಿಯಿತು, ಬಂದವರಲ್ಲಿ ಎಷ್ಟೋ ಜನ ಚಳಿಜ್ವರಕ್ಕೆ ಸತ್ತರು, ಉಳಿದವರು ವಾಪಸು ಹೋಗಲು ಊರೇ ಇಲ್ಲದೆ ಇಲ್ಲೇ ನಿಂತರು. ಆಗ ಇಲ್ಲಿ ಗುರುಗಳೂ ಇರಲಿಲ್ಲ, ಚರ್ಚೂ ಇರಲಿಲ್ಲ. ಒಂದು ಹುಣಸೆಮರದ ಕೆಳಗೆ ಜಪಸರ ಹೇಳುತ್ತಿದ್ದರು. ಆಮೇಲೆ ಫ್ರಾನ್ಸಿನ ಕಡೆಯ ಬಿಳಿಯ ಗುರುಗಳೊಬ್ಬರು ಕುದುರೆ ಮೇಲೆ ಬಂದು ಇಳಿದರು. ಕಟ್ಟೆಗೆ ಅರೆದ ಕೈಗಳೇ ಚರ್ಚಿಗೂ ಗಾರೆ ಅರೆದವು. ಗಂಡಸರು ಗೋಡೆ ಎಬ್ಬಿಸಿದರು, ಹೆಂಗಸರು ಗಾರೆಗೆ ಬೆರೆಸುವ ಬೆಲ್ಲದ ನೀರು, ಅಳಲೆಕಾಯಿ ನೀರು ಹೊತ್ತರು. ನಮ್ಮ ಅಜ್ಜಿ ಹೊಟ್ಟೆಯಲ್ಲಿ ನಮ್ಮಪ್ಪನನ್ನು ಇಟ್ಟುಕೊಂಡೇ ನೀರು ಹೊತ್ತಿದ್ದಳಂತೆ.

ಚರ್ಚು ಎದ್ದ ಮೇಲೆ ಇನ್ನೊಂದಷ್ಟು ಕ್ರೈಸ್ತ ಮನೆಗಳು ಬಂದವು. ಜವಳಿ ಅಂಗಡಿಯವರು, ಸರ್ಕಾರಿ ಆಫೀಸಿನ ಗುಮಾಸ್ತರು, ಮೇಷ್ಟ್ರುಗಳು. ಅವರ ಜಾತಿ ಬೇರೆ, ನಮ್ಮ ಜಾತಿ ಬೇರೆ. ಕ್ರೈಸ್ತರಿಗೆ ಎಂಥ ಜಾತಿ ಅಂತ ಕೇಳುವವರು ನಮ್ಮ ಚರ್ಚಿಗೆ ಬಂದು ಒಂದು ಭಾನುವಾರ ಕೂತಿದ್ದರೆ ಸಾಕಾಗಿತ್ತು. ಮುಂದೆ ಬೆಂಚು ಅವರಿಗೆ, ಹಿಂದೆ ಚಾಪೆ ನಮಗೆ. ಪ್ರಸಾದಕ್ಕೆ ಅವರು ಮೊದಲು ಏಳಬೇಕು, ಅವರ ಕೊನೆಯ ಮಗು ತಗೊಂಡು ಬಂದ ಮೇಲೆ ನಾವು. ಸಮಾಧಿ ಜಾಗದಲ್ಲಿ ಮೊಣಕಾಲೆತ್ತರದ ಒಂದು ಗೋಡೆ, ಆ ಕಡೆ ಅವರು, ಈ ಕಡೆ ನಾವು. ಆ ಗೋಡೆ ಕಟ್ಟಿದ್ದೂ ನಮ್ಮವರೇ ಅಂದರೆ ಏನು ಹೇಳುತ್ತೀರಿ!

ಇನ್ನು ಹನ್ನೆರಡು ಜನರ ಬೆಂಚಿನ ವಿಚಾರ. ಪವಿತ್ರ ಗುರುವಾರದ ಸಂಜೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಗುರುಗಳು ಹನ್ನೆರಡು ಜನರ ಬಲಗಾಲು ತೊಳೆದು ಒರೆಸುವುದು ಎಲ್ಲ ಚರ್ಚುಗಳಲ್ಲೂ ಉಂಟು. ನಮ್ಮಲ್ಲಿ ಆ ಹನ್ನೆರಡು ಸ್ಥಾನ ಹನ್ನೆರಡು ಮನೆಗಳಿಗೆ ಸೇರಿದ್ದವು. ಅಪ್ಪ ಸತ್ತರೆ ಮಗ ಕೂರುತ್ತಿದ್ದ. ಹೊನ್ನೆಮರದ ಉದ್ದನೆಯ ಬೆಂಚು, ವರ್ಷಕ್ಕೆ ಒಂದೇ ಸಲ ಪೀಠದ ಮುಂದೆ ಬರುತ್ತಿತ್ತು. ಮೊದಲನೆಯದು ಶಿಷ್ಯರಲ್ಲಿ ಮೊದಲಿಗನಾದ ಪೇತ್ರನ ಜಾಗ, ಅದು ಜವಳಿ ಅಂಗಡಿ ಯಜಮಾನರದು. ಕೊನೆಯದನ್ನು ಜನ ಯೂದನ ಜಾಗ ಅನ್ನುತ್ತಿದ್ದರು. ಯೇಸುಸ್ವಾಮಿಯನ್ನೇ ಹಿಡಿದುಕೊಟ್ಟವನ ಹೆಸರಿನ ಜಾಗ ಯಾರಿಗೆ ಬೇಕು? ಆ ಮನೆಯವರು ಪ್ರತಿ ವರ್ಷ ಮುಖ ಗಂಟಿಕ್ಕಿಕೊಂಡೇ ಬಂದು ಕೂರುತ್ತಿದ್ದರು. ಬಿಟ್ಟುಕೊಡುವುದಕ್ಕೂ ಮನಸ್ಸಿಲ್ಲ ಮತ್ತೆ.

ಆ ಕಾಲು ತೊಳೆಯುವ ನೀರು ಕಾಯಿಸುವುದು ನಮ್ಮ ಮನೆಯ ಪಾಲಿಗೆ ಬಂದ ಕೆಲಸ. ಬಿಳಿಯ ಗುರುಗಳ ದೇಶದಲ್ಲಿ ಆ ತಿಂಗಳಲ್ಲಿ ಚಳಿಯಂತೆ. ಅವರು ಬೆಚ್ಚನೆ ನೀರು ಕೇಳಿದರು, ತಾತ ಕಾಯಿಸಿಕೊಟ್ಟ. ನಮ್ಮ ಕಡೆ ಅದು ಬಂಡೆ ಬಿರಿಯುವ ಬಿಸಿಲುಕಾಲ, ಸಂಜೆಯಾದರೂ ನೆಲ ಕಾಲು ಸುಡುತ್ತದೆ. ಬಿಳಿಯ ಗುರುಗಳು ಹೋಗಿ ಎಷ್ಟೋ ಕಾಲವಾದರೂ ಒಬ್ಬರಿಗಾದರೂ ತಣ್ಣೀರು ಸಾಕು ಅಂತ ಹೊಳೆಯಲಿಲ್ಲ. ಅಪ್ಪ ಚರ್ಚಿನ ಹಿಂದೆ ಮೂರು ಕಲ್ಲು ಹೂಡಿ, ತಾಮ್ರದ ಹಂಡೆ ಇಟ್ಟು, ಬೆವರು ಸುರಿಸಿಕೊಂಡು ನೀರು ಕಾಯಿಸುತ್ತಿದ್ದ. ಹಿತ್ತಾಳೆ ಜಗ್ಗಿಗೆ ತುಂಬಿ, ಬೋಗುಣಿ ಹಿಡಿದು, ಗುರುಗಳ ಹಿಂದೆ ಬಗ್ಗಿಕೊಂಡು ಒಬ್ಬೊಬ್ಬರ ಕಾಲಿನ ಹತ್ತಿರ ಹೋಗುತ್ತಿದ್ದ. ಕಾಲು ತೊಳೆದ ನೀರು ಹೊತ್ತು ಹೊರಗೆ ಚೆಲ್ಲುವವನೂ ಅವನೇ.

ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಸುಣ್ಣದಲ್ಲಿ ನಿಂತು ನಿಂತು, ಆಮೇಲೆ ಸಿಮೆಂಟಿನಲ್ಲಿ ನಿಂತು, ಅವನ ಕಾಲು ಕಾಲಾಗಿ ಉಳಿದಿರಲಿಲ್ಲ. ಹಿಮ್ಮಡಿಯ ಬಿರುಕಿನಲ್ಲಿ ಕಾಳು ಬಿದ್ದರೆ ಸಿಕ್ಕಿಕೊಳ್ಳುವಂತಿತ್ತು. ಉಗುರುಗಳು ಮಾಸಿ ಮೊಂಡಾಗಿದ್ದವು. ಆ ಬೆಂಚಿನವರ ಕಾಲನ್ನು ನೋಡಬೇಕಿತ್ತು ನೀವು! ಎಲ್ಲರೂ ಮನೆಯಲ್ಲೇ ಸೋಪು ಹಾಕಿ ತಿಕ್ಕಿ ತೊಳೆದುಕೊಂಡು, ಉಗುರು ಕತ್ತರಿಸಿಕೊಂಡು ಬರುತ್ತಿದ್ದರು. ತೊಳೆದ ಕಾಲನ್ನು ತೊಳೆಸಿಕೊಳ್ಳುವುದಕ್ಕೆ ಅಷ್ಟು ಗತ್ತು.

ಎಪ್ಪತ್ತರ ದಶಕದ ನಡುವಿನಲ್ಲಿ, ಮೊದಲೇ ಹೇಳಿದೆನಲ್ಲ, ಆ ಗುರುಗಳು ಬಂದರು. ಕರಾವಳಿಯ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಹಾಡಿಗೆ ಹಾರ್ಮೋನಿಯಂ, ತಬಲ ತಂದರು. ನಮ್ಮ ಚಾಪೆಯ ಹತ್ತಿರ ಬಂದು ಮಾತಾಡಿಸಿದರು. ನಮ್ಮ ಮನೆಗೂ ಬಂದು, ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ಅವರು ಕುಡಿದ ಲೋಟವನ್ನು ಅವ್ವ ಎರಡು ದಿನ ತೊಳೆಯದೆ ಇಟ್ಟಿದ್ದಳು ಅಂದರೆ ನಂಬುತ್ತೀರಾ? ನಾನು ಆಗ ಹೊಳಲ್ಕೆರೆ ಕಡೆ ಬಿ.ದುರ್ಗದ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ, ರಜೆಗೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದೆ. ಇಂಥ ಒಬ್ಬರು ಬಂದರಲ್ಲ ಅಂತ ನನಗೂ ಸಂತೋಷವಾಗಿತ್ತು, ಯಾಕೆ ಸುಳ್ಳು ಹೇಳಲಿ.

ಆ ವರ್ಷ ಯೂದನ ಜಾಗದ ಮನೆಯವರು ಭದ್ರಾವತಿಯಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟಿದ್ದರು. ಪವಿತ್ರ ಗುರುವಾರಕ್ಕೆ ನಾಲ್ಕು ದಿನ ಮುಂಚೆ ಬರುವ ಗರಿಗಳ ಭಾನುವಾರ ಪ್ರವಚನ ಮುಗಿಸಿ ಗುರುಗಳು ಹನ್ನೆರಡು ಹೆಸರು ಓದಿದರು. ಹನ್ನೊಂದು ಹಳೆಯವೇ. ಹನ್ನೆರಡನೆಯದು ನಮ್ಮಪ್ಪನ ಹೆಸರು.

ಚಾಪೆಯ ಮೇಲೆ ಅಪ್ಪ ತಲೆ ಬಗ್ಗಿಸಿದವನು ಎತ್ತಲೇ ಇಲ್ಲ. ಮುಂದಿನ ಬೆಂಚುಗಳಲ್ಲಿ ಕತ್ತುಗಳು ತಿರುಗಿದವು. ಹೊರಗೆ ಬಂದಾಗ ನಮ್ಮ ಕಡೆಯವರೇ ಅಪ್ಪನನ್ನು ರೇಗಿಸಿದರು. "ಏನಪ್ಪ ಮೇಸ್ತ್ರಿ, ಯೂದ ಆಗ್ಬಿಟ್ಯಲ್ಲೋ!" ಅಂದರು. ಅಪ್ಪ "ಯಾವನಾದ್ರೇನ್ಲೇ, ಸ್ವಾಮಿ ಅವನ ಕಾಲೂ ತೊಳುದ್ನಲ್ಲ" ಅಂದ. ನಗುತ್ತಾ ಅಂದ. ನಮ್ಮಪ್ಪ ಅಷ್ಟು ಬಾಯಿಬಿಟ್ಟು ನಕ್ಕಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಆ ಮೂರು ನಾಲ್ಕು ದಿನ ನಮ್ಮ ಮನೆಯಲ್ಲಿ ಕಾಲಿನದೇ ಮಾತು. ಅಪ್ಪ ಕೆಲಸಕ್ಕೆ ಹೋಗಲಿಲ್ಲ. ಹೋದರೆ ಸಿಮೆಂಟು ಮೆತ್ತಿಕೊಳ್ಳುತ್ತದಲ್ಲ! ಅವ್ವ ಬಿಸಿನೀರಿಗೆ ಉಪ್ಪು ಹಾಕಿ ಅವನ ಕಾಲು ನೆನೆಸಿಟ್ಟು, ಇಟ್ಟಿಗೆ ಚೂರು ತಗೊಂಡು ಹಿಮ್ಮಡಿ ಉಜ್ಜಿದಳು. ಪೀಠದ ಮೇಲೆ ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನು ಅಪ್ಪನೇ ತಂದಿದ್ದ. ಅವನ್ನು ಹರಳೆಣ್ಣೆಯಲ್ಲಿ ಕರಗಿಸಿ ಬಿರುಕುಗಳಿಗೆ ತುಂಬಿದಳು.

"ನಿಧಾನಕ್ಕೆ ಉಜ್ಜೇ, ಗೋಡೆ ಅಲ್ಲ ಅದು" ಅಂತ ಅಪ್ಪ.

"ಸುಮ್ನೆ ಕುಂತ್ಕಳ್ರಿ. ಗುರುಗಳು ಕೈ ಇಕ್ಕೋ ಕಾಲು. ಅವರ ಕೈಗೆ ಚುಚ್ಚಿದ್ರೆ?" ಅಂತ ಅವ್ವ.

ಹಾಲು ಹಾಕುವವರು, ತರಕಾರಿಯವರು, ಎಲ್ಲರಿಗೂ ಅವ್ವ ಹೇಳಿದಳು. ಯಲ್ಲದಕೆರೆಯಿಂದ ಬೆಣ್ಣೆ ತಂದು ಮಾರುವ ಕುರುಬರ ಅಜ್ಜಿಗೂ ಹೇಳಿದಳು. ಆ ಅಜ್ಜಿಗೆ ಅರ್ಥವಾಗಲಿಲ್ಲ. "ಅಯ್ಯನೋರು ನಿನ್ ಗಂಡನ ಕಾಲು ತೊಳೀತಾರಾ? ಎಲ್ಲಾನ ಉಂಟೇನವ್ವ!" ಅಂದಳು. ಅವ್ವ "ನಮ್ ದೇವ್ರು ಹಂಗೆ ಕಣಜ್ಜಿ" ಅಂದಳು. ಆ ಗರ್ವ ನೋಡಬೇಕಿತ್ತು.

ಬುಧವಾರ ಸಂಜೆ ಜವಳಿ ಅಂಗಡಿ ಯಜಮಾನರು ನಮ್ಮ ಮನೆಗೇ ಬಂದರು. ಹೊಸ್ತಿಲು ದಾಟಲಿಲ್ಲ. ಅಪ್ಪ ಹೊರಗೆ ಮಂಚ ಹಾಕಿ "ಬರ್ರಿ ಯಜಮಾನ್ರೆ, ಕುಂತ್ಕಳ್ರಿ" ಅಂದ. ಕೂತರು. ಅವ್ವ ತಂದಿಟ್ಟ ನೀರಿನ ಚೊಂಬನ್ನು ಮುಟ್ಟಲಿಲ್ಲ. ಮಳೆ ಬೆಳೆಯ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು.

"ನೋಡಪ್ಪ ಮೇಸ್ತ್ರಿ, ನಿನ್ ಮ್ಯಾಲೆ ನಮಗೇನೂ ಇಲ್ಲ. ನಿಮ್ಮಪ್ಪನ ಕಾಲದಿಂದ ಬಂದೋರು ನೀವು. ಆದ್ರೆ ಒಂದು ಪದ್ಧತಿ ಅಂತ ಐತೆ. ಈ ಗುರುಗಳು ಇವತ್ತು ಇರ್ತಾರೆ, ನಾಳೆ ಹೋಗ್ತಾರೆ. ನಾವು ನೀವು ಇಲ್ಲೇ ಇರ್ಬೇಕು. ನೀನೇ ಹೋಗಿ, ನಂಗೆ ಆಗಲ್ಲ ಸ್ವಾಮಿ, ಮೈ ಸರಿ ಇಲ್ಲ ಅಂದ್ಬಿಡು. ಮುಗೀತು."

ನಾನು ಬಾಗಿಲಲ್ಲೇ ನಿಂತಿದ್ದೆ. ತಡೆಯಲಾಗಲಿಲ್ಲ. "ಮೈ ಸರಿ ಇಲ್ದೇ ಇರೋದು ಯಾರಿಗೆ ಯಜಮಾನ್ರೆ? ನಮ್ಮಪ್ಪ ನೆಟ್ಟಗೇ ಅವ್ರೆ" ಅಂದೆ.

ಅವರು ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದರು: "ಮಗಳನ್ನ ಓದಿಸ್ದೆ. ಒಳ್ಳೇದು."

ಯಜಮಾನರ ಮುಂದೆ ಅಪ್ಪ ಎಂದೂ ಇಲ್ಲ ಅಂದವನಲ್ಲ. ಆವತ್ತು ಮೆಲ್ಲಗೆ ಹೇಳಿದ: "ಒಂದೇ ಒಂದ್ಸಲ ಕುಂತ್ಕಳ್ತೀನಿ ಯಜಮಾನ್ರೆ. ನಮ್ಮವ್ವ ಹೊಟ್ಯಾಗ್ ನನ್ನ ಇಟ್ಕಂಡು ನೀರು ಹೊತ್ತಿದ್ದ ಗುಡಿ. ಒಂದ್ಸಲ ಅಲ್ಲಿ ಕುಂತು ಬಂದ್ಬಿಡ್ತೀನಿ. ಮುಂದಿನ ವರ್ಷ ಯಾರಿಗಾನ ಕೊಡ್ರಿ."

ಕೇಳಿದ್ದು ಇಷ್ಟೇ. ಒಂದು ಸಲ. ಅದೂ ಯೂದನ ಜಾಗ. ಯಜಮಾನರು ಎದ್ದು ಹೋದರು.

ಗುರುವಾರ ಸಂಜೆಗೆ ಅಪ್ಪ ಹೊಸ ಪಂಚೆ ಉಟ್ಟ. ಆದರೂ ನೀರು ಕಾಯಿಸುವುದನ್ನು ಬೇರೆಯವರಿಗೆ ಬಿಡಲಿಲ್ಲ. ಆ ಪಂಚೆಯಲ್ಲೇ ಹಂಡೆಯ ಮುಂದೆ ಕೂತು ಊದಿ, ಜಗ್ಗು ತುಂಬಿ, ಬೋಗುಣಿಯ ಪಕ್ಕ ಬೆಂಚಿನ ಹತ್ತಿರ ಇಟ್ಟು, ಆಮೇಲೆ ಕಾಲು ತೊಳೆದುಕೊಂಡ. ಅವನೂ ಮನೆಯಲ್ಲಿ ಒಂದು ಸಲ, ಇಲ್ಲಿ ಒಂದು ಸಲ, ಉಳಿದ ಹನ್ನೊಂದು ಜನರ ಹಾಗೆಯೇ!

ಚರ್ಚು ತುಂಬಿತ್ತು. ಗುರುಗಳು ಶುಭಸಂದೇಶ ಓದಿದರು, ಯೇಸುಸ್ವಾಮಿ ಸೊಂಟಕ್ಕೆ ಟವಲು ಕಟ್ಟಿಕೊಂಡು ಮೀನು ಹಿಡಿಯುವವರ ಕಾಲು ತೊಳೆದ ಭಾಗ. ಪ್ರವಚನವನ್ನೂ ಚೆನ್ನಾಗಿಯೇ ಮಾಡಿದರು, ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಹನ್ನೆರಡು ಜನರನ್ನು ಕರೆದರು. ಹನ್ನೊಂದು ಜನ ಹೋಗಿ ಕೂತರು. ಅಪ್ಪ ಚಾಪೆಯಿಂದ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಬೆಂಚಿನ ತುದಿಯಲ್ಲಿ ಅರ್ಧ ಮೈ ಹೊರಗೆ ಬಿಟ್ಟು ಕೂತ. ಬಲಗಾಲಿನ ಪಂಚೆ ಮೇಲೆತ್ತಿಕೊಂಡ.

ಯಜಮಾನರು ಎದ್ದರು. ಶಲ್ಯ ಹೆಗಲಿಗೆ ಸರಿಯಾಗಿ ಹಾಕಿಕೊಂಡು, ಮುಂದಿನ ಸಾಲಿನ ತಮ್ಮ ಮಾಮೂಲಿ ಜಾಗಕ್ಕೆ ಹೋಗಿ ಕೂತರು. ಅವರ ಪಕ್ಕದವರು ಎದ್ದರು. ಅವರ ಪಕ್ಕದವರು ಎದ್ದರು. ಒಬ್ಬರೂ ಗಲಾಟೆ ಮಾಡಲಿಲ್ಲ. ನೋಡುನೋಡುತ್ತಿದ್ದಂತೆ ಆ ಉದ್ದನೆಯ ಬೆಂಚಿನ ಮೇಲೆ ನಮ್ಮಪ್ಪ ಒಬ್ಬನೇ ಉಳಿದ.

ಗುರುಗಳು ಸೊಂಟಕ್ಕೆ ಟವಲು ಕಟ್ಟಿಕೊಂಡು ಬಂದವರು ನಿಂತರು. ಮಾಡಬೇಕಾಗಿದ್ದದ್ದು ಏನು? ಮಂಡಿಯೂರಿ ಒಂದು ಕಾಲು ತೊಳೆಯುವುದು, ಅಷ್ಟೇ. ನೀರು ಕಾದಿತ್ತು. ಕಾಲು ಕಾದಿತ್ತು. ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ, ಬಗ್ಗು ಮಾರಾಯ, ಬಗ್ಗು ಅಂತ. ಅವರು ಮುಂದಿನ ಬೆಂಚಿನ ಕಡೆ ನೋಡಿದರು, ಜಗ್ಗಿನ ಕಡೆ ನೋಡಿದರು. ಅಪ್ಪನ ಮುಖ ಒಂದು ಬಿಟ್ಟು ಎಲ್ಲ ನೋಡಿದರು. ಆಮೇಲೆ ಟವಲು ಬಿಚ್ಚಿ ಕೈಯಲ್ಲಿ ಹಿಡಿದು ಪೀಠದ ಕಡೆ ತಿರುಗಿ, "ಪ್ರಾರ್ಥಿಸೋಣ" ಎಂದರು.

ಹೇಡಿ! ಗುರುಗಳನ್ನು ಹಾಗನ್ನಬಾರದು ಅಂತ ಗೊತ್ತು. ಆವತ್ತೂ ಅಂದೆ, ಇವತ್ತೂ ಅನ್ನುತ್ತೇನೆ. ಯಜಮಾನರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವರು ಏನು ಅಂತ ಮೊದಲೇ ಗೊತ್ತಿತ್ತು. ಇವರು ಕರೆದವರಲ್ಲವೇ? ಚಾಪೆಯ ಮೇಲೆ ತನ್ನ ಪಾಡಿಗೆ ಕೂತಿದ್ದವನನ್ನು ಹೆಸರು ಹಿಡಿದು ಕರೆದು, ಊರಿನ ಮುಂದೆ ಕೂರಿಸಿ, ಬೆನ್ನು ತಿರುಗಿಸಿದರಲ್ಲ, ಅದು ಯಾವ ವೇದದಲ್ಲಿದೆ?

ಅಪ್ಪ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಪಂಚೆ ಇನ್ನೂ ಎತ್ತಿಕೊಂಡೇ ಇದ್ದ. ಎಲ್ಲರೂ ಮಂಡಿಯೂರಿದಾಗ ಎದ್ದ. ತನ್ನ ಕೆಲಸವಲ್ಲವೇ ಅದು, ಜಗ್ಗು ಒಂದು ಕೈಯಲ್ಲಿ, ಬೋಗುಣಿ ಇನ್ನೊಂದು ಕೈಯಲ್ಲಿ ತಗೊಂಡು ಪಕ್ಕದ ಬಾಗಿಲಿನಿಂದ ಹೊರಗೆ ಹೋದ. ಹೊರಗೆ ನೀರು ಚೆಲ್ಲಿದ ಸದ್ದು ನಮಗೆಲ್ಲ ಕೇಳಿಸಿತು.

ಮನೆಯಲ್ಲಿ ಅವ್ವ ಎದೆ ಬಡಿದುಕೊಂಡು ಅತ್ತಳು, ಬಾಯಿಗೆ ಬಂದಂತೆ ಬೈದಳು. ಅಪ್ಪ ಹೊಸ ಪಂಚೆ ಮಡಿಸಿಟ್ಟು, "ಬಿಡೇ, ಕಾಲೇನು ಕೊಳೆ ಇರ್ಲಿಲ್ಲ. ತೊಳ್ಕಂಡೇ ಹೋಗಿದ್ನಲ್ಲ" ಅಂದ. ಸಮಾಧಾನಕ್ಕೆ ಅಂದನೋ, ನಿಜವಾಗಿ ಅಂದನೋ ನನಗೆ ತಿಳಿಯಲಿಲ್ಲ. ಹಬ್ಬ ಕಳೆದು ಬೆಣ್ಣೆಯ ಅಜ್ಜಿ ಬಂದಾಗ "ತೊಳುದ್ರೇನವ್ವ?" ಎಂದು ಕೇಳಿದಳು. ಅವ್ವ ಬೆಣ್ಣೆಗೆ ಪಾತ್ರೆ ತಂದು ಮುಂದಿಟ್ಟಳು. ಅಜ್ಜಿಗೆ ಗೊತ್ತಾಯಿತು. "ಹಂಗಾದ್ರೆ ನಿಮ್ಮಲ್ಲೂ ಐತೆ ಅನ್ನು" ಅಂದು ಬೆಣ್ಣೆ ತೂಗಿ ಕೊಟ್ಟಳು. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು.

ನಾನು ಶುಕ್ರವಾರ ಬೆಳಿಗ್ಗೆಯೇ ಗುರುಗಳ ಮನೆಗೆ ಹೋಗಿದ್ದೆ. ಅವರ ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡಿರಲಿಲ್ಲವೋ ಏನೋ. ಆಗಲಿ, ಒಂದು ರಾತ್ರಿಯ ನಿದ್ದೆ ತಾನೇ.

"ಸಮಾಧಾನ ಮಾಡಿಕೊಳ್ಳಿ ಟೀಚರ್" ಎಂದರು. "ನಾನು ಮುಂದುವರಿದಿದ್ದರೆ ಅವರೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು. ಪವಿತ್ರ ವಾರದಲ್ಲಿ ಚರ್ಚು ಒಡೆಯಬಾರದು. ನಿಮ್ಮ ತಂದೆ ದೊಡ್ಡ ಮನಸ್ಸಿನವರು, ಅರ್ಥ ಮಾಡಿಕೊಳ್ಳುತ್ತಾರೆ."

"ಅರ್ಥ ಮಾಡ್ಕಳ್ಳೋದು ಯಾವಾಗ್ಲೂ ನಮ್ಮಪ್ಪನೇ ಯಾಕೆ ಸ್ವಾಮಿ? ಅವ್ರಿಗೆ ಯಾಕೆ ಹೇಳಲ್ಲ ನೀವು, ಅರ್ಥ ಮಾಡ್ಕಳ್ರಿ ಅಂತ?" ಎಂದೆ.

ಮುಂದಿನ ವರ್ಷಕ್ಕೆ ಏನಾದರೂ ಮಾಡೋಣ ಎಂದರು.

ಮಾಡಿದರು. ಮುಂದಿನ ವರ್ಷದ ಗರಿಗಳ ಭಾನುವಾರ, ಇನ್ನು ಮೇಲೆ ದೊಡ್ಡವರ ಕಾಲು ತೊಳೆಯುವುದಿಲ್ಲ, ಮಕ್ಕಳೇ ದೇವರಿಗೆ ಹತ್ತಿರ, ಆದ್ದರಿಂದ ಹನ್ನೆರಡು ಪುಟ್ಟ ಮಕ್ಕಳ ಕಾಲು ತೊಳೆಯುವುದು ಎಂದು ಸಾರಿದರು. ಎಲ್ಲರಿಗೂ ಬಹಳ ಇಷ್ಟವಾಯಿತು. ಯಾರ ಮಕ್ಕಳು ಅಂತ ಬೇರೆ ಹೇಳಬೇಕೇ? ಹತ್ತು ಮನೆಯಿಂದ ಒಂದೊಂದು, ಯಜಮಾನರ ಮನೆಯಿಂದ ಎರಡು. ಚಾಪೆಯ ಕಡೆಯಿಂದ ಒಂದು ಮಗುವಿಲ್ಲ. ಇದೇ ಆ ಸುಂದರ ಸಂಪ್ರದಾಯ, ಇದೇ ಆ ದೀನತೆ. ಮೈಕಿನಲ್ಲಿ ಓದಿದ ಇತಿಹಾಸ ಇದೇ.

ಆ ಗುರುವಾರ ಸಂಜೆ ನಾನು ಚರ್ಚಿನ ಹಿಂದೆ ಹೋದೆ. ಅಪ್ಪ ಮೂರು ಕಲ್ಲು ಹೂಡಿ ಹಂಡೆ ಇಟ್ಟು ಒಲೆ ಊದುತ್ತಿದ್ದ. ಹಳೆಯ ಪಂಚೆ, ಸಿಮೆಂಟು ಮೆತ್ತಿದ ಅದೇ ಕಾಲು, ಬಿರುಕುಗಳು ಮತ್ತೆ ಬಾಯಿ ಬಿಟ್ಟಿದ್ದವು. ನನಗೆ ತಲೆ ಕೆಟ್ಟುಹೋಯಿತು. ಸೆರಗಿನಲ್ಲಿ ಹಂಡೆಯ ಕಿವಿ ಹಿಡಿದು ಅಷ್ಟೂ ನೀರನ್ನು ಒಲೆಗೆ ಬಗ್ಗಿಸಿದೆ. ಬೂದಿ ಎದ್ದು ಇಬ್ಬರ ಮುಖಕ್ಕೂ ಬಡಿಯಿತು. "ನಿಂಗೆ ಮಾನ ಮರ್ಯಾದೆ ಇಲ್ವೇನಪ್ಪ? ಅವ್ರೇ ಕಾಯಿಸ್ಕಳ್ಲಿ!" ಅಂತ ಕಿರುಚಿದೆ.

ಅಪ್ಪ ಬೈಯಲಿಲ್ಲ. ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ನೋಡಿದ.

"ಹುಡ್ರೇನ್ ಮಾಡಿದ್ವವ್ವ?" ಅಂದ.

ಬಾವಿಗೆ ಹೋಗಿ ಮತ್ತೆ ನೀರು ಸೇದಿ ತಂದ. ಒಣ ಸೌದೆ ಹುಡುಕಿ ಮತ್ತೆ ಒಲೆ ಹೊತ್ತಿಸಿದ. ನೀರು ಬೆಚ್ಚಗಾದಾಗ ಬೆರಳು ಅದ್ದಿ, ಮಕ್ಕಳಿಗೆ ಹೆಚ್ಚಾಯಿತು ಅನ್ನಿಸಿ, ಒಂದು ಚೊಂಬು ತಣ್ಣೀರು ಬೆರೆಸಿದ. ಆಮೇಲೆ ಜಗ್ಗು ತುಂಬಿಕೊಂಡು ಒಳಗೆ ಹೋಗಿ, ಯಜಮಾನರ ಮೊಮ್ಮಗನ ಕಾಲಿನ ಮುಂದೆ ಬೋಗುಣಿ ಹಿಡಿದು ಬಗ್ಗಿ ನಿಂತ.